ಬಾಡಿಗೆ ಕಂಪ್ಯೂಟರಿನ ಕೊಲೆ

"ಅಕ್ಕಾ, ನಾನು ಅಳಿಸಿಲ್ಲ. ನೀವಾದ್ರೂ ನಂಬಿ," ಎಂದು ಆ ಹುಡುಗಿ ಬಾಗಿಲಲ್ಲೇ ಅತ್ತುಬಿಟ್ಟಳು.

ನನ್ನ ಅತ್ತಿಗೆ ಪತ್ತೇದಾರಿ. ನಾನು ಅವರ ಚಾಲಕ, ಗುಮಾಸ್ತ, ಜೊತೆಗೆ ಬೈಸಿಕೊಳ್ಳಲು ಸದಾ ಸಿದ್ಧನಿರುವ ಮೈದುನ. ಕುರ್ಚಿ ಎಳೆದು ಕೊಟ್ಟೆ. ಹುಡುಗಿ ಕಾರ್ಟೂನ್ ಸ್ಟುಡಿಯೋ ಒಂದರಲ್ಲಿ ಚಿತ್ರಗಾರ್ತಿ. ನಾಳೆ ಸಂಜೆ ಮಕ್ಕಳಿಗೆ ತೋರಿಸಬೇಕಾದ ಸಿನಿಮಾ ನಿನ್ನೆ ಊಟದ ಹೊತ್ತಿಗೆ ಮಾಯವಾಗಿತ್ತು.

"ಸಿನಿಮಾ ನಿಮ್ಮ ಕಂಪ್ಯೂಟರಲ್ಲೇ ಇತ್ತಾ?" ಅತ್ತಿಗೆ ಕೇಳಿದರು.

"ಇಲ್ಲ ಅಕ್ಕ. ನಮ್ಮ ಮೇಜಿನ ಮೇಲಿರೋದು ಬರೀ ಕಿಟಕಿ ಇದ್ದ ಹಾಗೆ. ಎಲ್ಲೋ ದೂರದ ಕಟ್ಟಡದಲ್ಲಿ ದೊಡ್ಡ ಕಂಪ್ಯೂಟರ್ ಇರುತ್ತೆ. ಅದನ್ನೇ ಪಾಲು ಮಾಡಿ ಬಾಡಿಗೆಗೆ ಕೊಡ್ತಾರೆ. ನಾವು ಎದ್ದುಹೋದ್ರೂ ಅಲ್ಲಿ ನಮ್ಮ ಕೆಲಸ ನಡೀತಾನೇ ಇರುತ್ತೆ."

"ಪಕ್ಕದ ಮನೆ ಒಲೆಯಲ್ಲಿ ನಮ್ಮ ಅಡುಗೆ ಅನ್ನಿ," ಎಂದೆ. ಅತ್ತಿಗೆ ಕಣ್ಣು ಬಿಟ್ಟರು. ಬಾಯಿ ಮುಚ್ಚಿಕೊಂಡೆ.

ಸ್ಟುಡಿಯೋ ಪಾಲಿಗಿದ್ದ ಆ ಯಂತ್ರವನ್ನೇ ಯಾರೋ ಸಿನಿಮಾ ಸಮೇತ ಅಳಿಸಿದ್ದರು, ಅದೂ ಇವಳ ಲಾಗಿನ್‌ನಿಂದ. ಸಿನಿಮಾದಲ್ಲಿ ತನ್ನ ಹೆಸರು ಹಾಕಿಲ್ಲವೆಂದು ಅವಳು ನಿನ್ನೆ ಬೆಳಿಗ್ಗೆಯಷ್ಟೇ ಮಾಲೀಕನ ಜೊತೆ ಜಗಳವಾಡಿದ್ದಳು. ಊಟದ ಹೊತ್ತಿಗೆ ಪರದೆಯನ್ನು ಹಾಗೇ ಬಿಟ್ಟು ತಾರಸಿಗೆ ಹೋಗಿದ್ದಳಂತೆ.

"ದಿನಾ ಸಂಜೆ ಆ ಯಂತ್ರದ್ದೊಂದು ಪ್ರತಿ ತೆಗೆದಿಡ್ತೀನಿ. ಅದು ನನ್ನ ಖಾತೇಲಿದೆ. ತೆಗೆದುಕೊಡ್ತೀನಿ ಅಂದ್ರೆ, 'ಅದನ್ನೂ ಅಳಿಸೋಕಾ?' ಅಂತ ಖಾತೆಯನ್ನೇ ಬಂದ್ ಮಾಡಿದ್ರು. ಕೆಲಸ ಹೋದ್ರೆ ಹೋಗ್ಲಿ ಅಕ್ಕ, ದ್ರೋಹಿ ಅನ್ನೋ ಹೆಸರು ಬೇಡ."

ನಾನು ಕಾರಿನ ಕೀ ಎತ್ತಿಕೊಂಡೆ.

ಸ್ಟುಡಿಯೋದಲ್ಲಿ ಮೂವರಿದ್ದರು: ಮಾಲೀಕ, ಧ್ವನಿ ಜೋಡಿಸುವವನು, ಗಿಡಗಳಿಗೆ ನೀರು ಹಾಕಲು ದಿನಾ ಬರುವ ಮಾಲೀಕನ ತಂದೆ. ನಿನ್ನೆಯೂ ಈ ಮೂವರೇ. ಮಾಲೀಕ ಉರಿದುಬಿದ್ದ. "ಈ ಬಾಡಿಗೆ ಯಂತ್ರ ಸಾಕಾಗಿಹೋಗಿದೆ. ಆಫ್ ಮಾಡಿಟ್ರೂ ಒಂದಿಷ್ಟು ಬಾಡಿಗೆ ಕಟ್ಟಬೇಕು. ಪೂರ್ತಿ ತೆಗೆದುಹಾಕಿದ್ರೇ ನಿಲ್ಲೋದು. ಮನೇಲೂ ದಿನಾ ಇದೇ ಗೋಳು. ಈಗ ಇವಳು ಬೇರೆ!"

ಮಾಲೀಕನ ಜೊತೆ ಧ್ವನಿಯವನ ಕೋಣೆ ನೋಡಿ ಬರುವಷ್ಟರಲ್ಲಿ, ದೀಪ ಹಾಕಿಯೇ ಬಿಟ್ಟಿದ್ದ ಚಿತ್ರಗಾರ್ತಿಯ ಕೋಣೆ ಕತ್ತಲಾಗಿತ್ತು. ಮೇಜಿಗೆ ಮೊಣಕಾಲು ಬಡಿದು ನಾನು ಕರೆಂಟಿನವರಿಗೆ ಹಿಡಿಶಾಪ ಹಾಕಿದೆ. ಅತ್ತಿಗೆ ಸ್ವಿಚ್‌ಗಳನ್ನು ಒತ್ತಿದರು. ದೀಪ ಹತ್ತಿತು, ಫ್ಯಾನೂ ತಿರುಗಿತು.

"ನಿನ್ನೆ ನೀನು ವಾಪಸ್ ಬಂದಾಗ ಹೇಗಿತ್ತಮ್ಮ?"

"ಹೀಗೇ ಅಕ್ಕ. ದೀಪ, ಫ್ಯಾನ್ ಎಲ್ಲಾ ಆಫ್."

ಅತ್ತಿಗೆ ಎಲ್ಲರನ್ನೂ ಅಲ್ಲಿಗೇ ಕರೆಸಿದರು.

"ಸೇಡು ತೀರಿಸಿಕೊಳ್ಳೋರು ಹೋಗ್ತಾ ಫ್ಯಾನ್ ಆಫ್ ಮಾಡಿ ಹೋಗ್ತಾರಾ?" ಎಂದರು. "ಮಾಡಿದ್ದು ವೈರಿ ಅಲ್ಲ, ಮನೆ ಉಳಿಯಲಿ ಅನ್ನೋರು." ಮಾಲೀಕನ ತಂದೆಯತ್ತ ತಿರುಗಿದರು. "ಯಜಮಾನ್ರೇ, ನಿನ್ನೆ ಈ ಕೋಣೇಲಿ ಏನೇನು ಆಫ್ ಮಾಡಿದ್ರಿ?"

ಮುದುಕರು ಹೆಮ್ಮೆಯಿಂದ ಬೆರಳು ಮಡಚಿದರು. "ಫ್ಯಾನು, ದೀಪ, ಆಮೇಲೆ ಆ ಬಾಡಿಗೆ ಕಂಪ್ಯೂಟರು. ಕುರ್ಚೀಲಿ ಯಾರೂ ಇಲ್ಲ, ಅದು ಓಡ್ತಾನೇ ಇತ್ತು! ಬರೀ ಆಫ್ ಮಾಡಿದ್ರೆ ಸಾಲದು ಅಂತ ನಮ್ಮೋನೇ ಹೇಳಿದ್ನಲ್ಲ. ಅವನು ಹಳೇ ಯಂತ್ರಗಳನ್ನ ತೆಗೆಯೋದನ್ನ ಪಕ್ಕದಲ್ಲೇ ನಿಂತು ನೋಡಿದ್ದೆ."

ಮಾಲೀಕ ಅಪ್ಪನ ಹತ್ತಿರ ಬಂದ.

"ಅದರಲ್ಲೇ ಸಿನಿಮಾ ಇತ್ತಪ್ಪ," ಎಂದ ಮಗ, ಮೆಲ್ಲಗೆ.

ಮುದುಕರು ಮಡಚಿದ್ದ ಬೆರಳುಗಳನ್ನು ಬಿಡಿಸಿದರು. "ಖಾಲಿ ಕುರ್ಚಿ ಮುಂದೆ ಕೆಲಸ ನಡೆಯುತ್ತೆ ಅಂತ ನಂಗೇನು ಗೊತ್ತು ಮಗಾ?"

"ನಿಮ್ಮನ್ನ ಯಾರೂ ಕೇಳಲೇ ಇಲ್ಲ," ಎಂದರು ಅತ್ತಿಗೆ. "ಕಂಪ್ಯೂಟರ್ ಇವರಿಗೇನು ತಿಳಿಯುತ್ತೆ ಅಂದುಕೊಂಡ್ರು. ಈ ಹುಡುಗೀನೂ ಯಾರೂ ಕೇಳಲಿಲ್ಲ, ನೇರ ದ್ರೋಹಿ ಅಂದ್ರು."

ಮಾಲೀಕ ತಲೆ ತಗ್ಗಿಸಿ ಹುಡುಗಿಯ ಖಾತೆ ತೆರೆದುಕೊಟ್ಟ. "ತಪ್ಪಾಯ್ತಮ್ಮ," ಎಂದ. ಪ್ರತಿ ಅಲ್ಲೇ ಇತ್ತು. ಅವಳು ಅದರಿಂದ ಹೊಸ ಯಂತ್ರ ಎಬ್ಬಿಸಿದಳು. ನಿನ್ನೆ ಬೆಳಗಿನ ಕೆಲಸವಷ್ಟೇ ಮತ್ತೆ ಆಗಬೇಕಿತ್ತು. ಸಿನಿಮಾದ ಹೆಸರುಗಳಲ್ಲಿ ಅವಳ ಹೆಸರನ್ನು ಮಾಲೀಕ ತಾನೇ ಸೇರಿಸಿದ.

"ಅಜ್ಜಾ, ಇನ್ನು ಅದರಷ್ಟಕ್ಕೆ ಅದು ಕೆಲಸ ಮಾಡುತ್ತೆ. ಬನ್ನಿ, ಟೀ ಕುಡಿಯೋಣ," ಎಂದು ಅವಳು ಮುದುಕರ ಕೈ ಹಿಡಿದಳು.

ಎಲ್ಲರೂ ಹೊರಟೆವು. ಬಾಗಿಲ ಬಳಿ ಮುದುಕರ ಕೈ ರೂಢಿಯಂತೆ ಸ್ವಿಚ್ಚಿನತ್ತ ಹೋಯಿತು. ಒಂದು ಗಳಿಗೆ ಅವರು ಆ ಖಾಲಿ ಕುರ್ಚಿಯನ್ನೇ ನೋಡಿದರು. "ಕೆಲಸ ನಡೀತಿದೆ, ಇರಲಿ," ಎಂದು ದೀಪ ಉರಿಯಲು ಬಿಟ್ಟು ಬಂದರು.