ಲಾರಿಯ ಎಡಪಕ್ಕ

"ಕಿವಿಯಲ್ಲಿರೋದನ್ನ ಕೀಳ್ರೀ ಮೊದ್ಲು!"

ಎದುರಿನಿಂದ ಬಂದ ಸೈಕಲ್ಲು ಅವಳ ಮುಂದಿನ ಚಕ್ರಕ್ಕೆ ಇನ್ನೇನು ತಾಗಿತು ಎನ್ನುವಷ್ಟು ಹತ್ತಿರ ಬಂದು ನಿಂತಿತ್ತು. ಅದು ಒನ್ ವೇ. ಅವಳು ನುಗ್ಗಿದ್ದು ಎದುರು ದಿಕ್ಕಿನಿಂದ, ಕಿವಿಯಲ್ಲಿ ಹಾಡು ಬೇರೆ. ತಪ್ಪು ತನ್ನದೇ ಎಂದು ಗೊತ್ತಿತ್ತು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ ಬಂತು.

"ರಸ್ತೆ ಏನ್ ನಿಮ್ಮಪ್ಪಂದಾ?"

"ಅಲ್ಲ. ಅದಕ್ಕೇ ನನ್ ಪಾಡಿಗೆ ನಾನು ಎಡಗಡೆ ಬರ್ತಿದ್ದೆ." ಅವನು ಬಗ್ಗಿ ಅವಳ ಸೈಕಲ್ಲಿನ ಬ್ರೇಕ್ ಅದುಮಿ ನೋಡಿದ. "ಹಿಂದಿನ ಬ್ರೇಕ್ ಹಿಡೀತಾನೇ ಇಲ್ಲ. ಇದನ್ನ ತಗೊಂಡು ಇಷ್ಟು ದೊಡ್ಡ ಊರಲ್ಲಿ ಓಡಾಡ್ತಿದೀರಾ? ಜೀವ ಬೇಜಾರಾಗಿದ್ಯಾ?"

ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಬಸ್ಸಿನ ನೂಕುನುಗ್ಗಲು ಸಾಕಾಗಿ ಹಳೆಯ ಸೈಕಲ್ಲೊಂದನ್ನು ಹೊಸದಾಗಿ ಕೊಂಡಿದ್ದಳು. ಅವನು ಲಿಫ್ಟ್ ಮೆಕ್ಯಾನಿಕ್. ಭಾನುವಾರ ಬೆಳಿಗ್ಗೆ ಮಾರ್ಕೆಟ್ಟಿನ ಹಿಂದೆ, ಖಾಲಿ ಪಾರ್ಕಿಂಗ್ ಜಾಗದಲ್ಲಿ ದೊಡ್ಡವರಿಗೆ ಸೈಕಲ್ ಕಲಿಸುತ್ತಿದ್ದ.

"ಭಾನುವಾರ ಬನ್ನಿ. ಬರಲ್ಲ ಅಂದ್ರೆ ಹೆಲ್ಮೆಟ್ಟಾದ್ರೂ ಹಾಕ್ಕೊಳ್ಳಿ."

ಎಂಥ ಕೊಬ್ಬು ಇವನಿಗೆ! ಅಂದುಕೊಂಡಳು. ಆದರೂ ಭಾನುವಾರ ಎಲ್ಲರಿಗಿಂತ ಮೊದಲು ಹೋಗಿ ನಿಂತಿದ್ದಳು.

ಅವನ ಪಾಠದಲ್ಲಿ ದಯೆಯೇ ಇರಲಿಲ್ಲ. ಸೈಕಲ್ ವಾಲದ ಹಾಗೆ ಹಿಂದಿರುಗಿ ನೋಡು. ತಿರುಗುವ ಮೊದಲು ಕೈ ಚಾಚು. ನಿಂತ ಕಾರುಗಳಿಂದ ದೂರ ಇರು, ಯಾವ ಬಾಗಿಲು ಯಾವಾಗ ತೆರೆಯುತ್ತದೋ ಗೊತ್ತಿಲ್ಲ. ತಪ್ಪಿದರೆ ಎಲ್ಲರೆದುರೇ ಬೈಗುಳ.

"ಸಿಗ್ನಲ್ಲಲ್ಲಿ ಲಾರಿ ಎಡಪಕ್ಕ ಯಾವತ್ತೂ ನುಗ್ಗಬೇಡಿ. ಡ್ರೈವರ್ ಕಣ್ಣಿಗೆ ನೀವು ಕಾಣಲ್ಲ. ಅವನು ತಿರುಗಿಸಿದ್ರೆ ಮುಗೀತು. ಅರ್ಥ ಆಯ್ತಾ, ಕನ್ನಡಕ?"

"ಆಯ್ತು, ಮೇಷ್ಟ್ರೇ!"

ಅವನು ನಕ್ಕಾಗ ಕೆನ್ನೆಯ ಮೇಲಿನ ಗ್ರೀಸಿನ ಕಲೆಯೂ ಅಗಲವಾಗುತ್ತಿತ್ತು. ಅದನ್ನು ಒರೆಸಬೇಕೆಂದು ಅವಳ ಬೆರಳು ಚಡಪಡಿಸುತ್ತಿತ್ತು... ವಾರದ ಉಳಿದ ದಿನಗಳೆಲ್ಲ ಬರೀ ಭಾನುವಾರಕ್ಕೆ ಕಾಯುವ ದಿನಗಳಾದವು.

ಎಲ್ಲರೂ ಮೊದಲ ಸಲ ದೊಡ್ಡ ರಸ್ತೆಗೆ ಹೊರಟ ಬೆಳಿಗ್ಗೆ, ಅವನು ಅವಳ ಜೊತೆಗೇ ಕಲಿಯುತ್ತಿದ್ದ ತಾತನೊಬ್ಬನ ಹತ್ತಿರ ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು.

"ಕನ್ನಡಕದ ಜೊತೆ ರೋಡಿಗೆ ಇಳಿಯೋಕೆ ನನಗೆ ಧೈರ್ಯ ಇಲ್ಲ ತಾತ..."

ಮುಂದಿನದನ್ನು ಕೇಳಲು ಅವಳು ನಿಲ್ಲಲಿಲ್ಲ. ಮುಖಕ್ಕೆ ರಪ್ಪನೆ ಹೊಡೆದಂತಾಗಿತ್ತು. ಇಷ್ಟು ದಿನ ಕಲಿತಿದ್ದು ಇದಕ್ಕಾ? ನಾನೆಂದರೆ ಇಷ್ಟು ಸದರವಾ? ತೋರಿಸುತ್ತೀನಿ ಇವನಿಗೆ!

ಗುಂಪನ್ನು ಬಿಟ್ಟು ಬಿರ್ರನೆ ತುಳಿದಳು. ಸಿಗ್ನಲ್ಲಿನಲ್ಲಿ ಲಾರಿಯೊಂದು ನಿಂತಿತ್ತು. ಲಾರಿಗೂ ಫುಟ್‌ಪಾತಿಗೂ ನಡುವೆ ಸಂದು ಕಂಡಿತು. ನುಗ್ಗಿದಳು.

ಹಸಿರು ದೀಪ ಬಂತು. ಲಾರಿ ಎಡಕ್ಕೆ ತಿರುಗಿತು.

"ಏಯ್... ಕನ್ನಡಕಾ!"

ಹಿಂದಿನಿಂದ ಬಂದ ಕೈಯೊಂದು ಅವಳನ್ನು ಫುಟ್‌ಪಾತಿನ ಮೇಲಕ್ಕೆ ದೂಡಿತು. ಅವಳ ಮೊಣಕೈ ತರಚಿತು, ಅಷ್ಟೇ. ತಿರುಗಿ ನೋಡಿದರೆ... ಅವನ ಬಲಗಾಲು ಚಕ್ರದ ಕೆಳಗಿತ್ತು.

ಮೊಣಕಾಲಿನ ಕೆಳಗೆ ಕತ್ತರಿಸದೆ ಡಾಕ್ಟರಿಗೆ ಬೇರೆ ದಾರಿ ಇರಲಿಲ್ಲ.

ಆಸ್ಪತ್ರೆಯ ಕೋಣೆಯ ಬಾಗಿಲಲ್ಲಿ ಅವನ ಅಕ್ಕ ಅಡ್ಡ ನಿಂತಳು. "ನೀನೇನಾ ಅವಳು? ಮೊಣಕೈಗೆ ಪಟ್ಟಿ ಕಟ್ಕೊಂಡು ಬಂದಿದೀಯಲ್ಲ, ತುಂಬಾ ನೋಯ್ತಿದ್ಯಾ?"

"ಅಕ್ಕಾ... ಒಂದ್ಸಲ ನೋಡಿ ಹೋಗ್ತೀನಿ."

"ಅಕ್ಕ ಅನ್ಬೇಡ!"

ಒಳಗಿನಿಂದ ಅವನ ದನಿ ಬಂತು. "ಬಿಡು ಅಕ್ಕ, ಬರ್ಲಿ."

ಅವನು ಅವಳ ಮುಖ ನೋಡಲಿಲ್ಲ. ಬೆಡ್‌ಶೀಟು ಚಪ್ಪಟೆಯಾಗಿದ್ದ ಜಾಗವನ್ನೇ ನೋಡುತ್ತಿದ್ದ.

"ಲಿಫ್ಟ್ ಕೆಳಗಿನ ಗುಂಡಿಗೆ ಇಳಿಯೋಕೆ ಎರಡು ಕಾಲು ಬೇಕು, ಗೊತ್ತಾ?"

"ನನ್ನಿಂದಲೇ..."

"ಹೌದು, ನಿಮ್ಮಿಂದಲೇ. ಆವತ್ತು ಅಡ್ಡ ಬರಬಾರದಿತ್ತು ನಾನು." ಅವನ ದನಿ ತಣ್ಣಗಿತ್ತು. "ಹೋಗಿ. ನಿಮ್ಮನ್ನ ನೋಡಿದ್ರೆ ನೋವು ಜಾಸ್ತಿ ಆಗುತ್ತೆ."

ಬರಬಾರದಿತ್ತು ಎಂದರೆ... ಆ ಚಕ್ರದ ಕೆಳಗೆ ತಾನಿರಬೇಕಿತ್ತು. ಅವಳು ಗೋಡೆ ಹಿಡಿದು ಹೊರಬಂದಳು. ಮೆಟ್ಟಿಲ ಬಳಿ ಕಾಯುತ್ತಿದ್ದ ತಾತ ಅವಳನ್ನು ಕೂರಿಸಿದರು.

"ಅವನು ಧೈರ್ಯ ಇಲ್ಲ ಅಂದಿದ್ದಕ್ಕೇ ಅಲ್ವಾ ಮಗು ಆವತ್ತು ನೀನು ಮುಂದೆ ನುಗ್ಗಿದ್ದು? ಪೂರ್ತಿ ಕೇಳಿದ್ಯಾ? 'ಅವಳು ಪಕ್ಕದಲ್ಲಿದ್ರೆ ನಾನು ರೋಡ್ ನೋಡಲ್ಲ ತಾತ, ಅವಳನ್ನೇ ನೋಡ್ತಿರ್ತೀನಿ' ಅಂದ."

ಅವಳಿಗೆ ಅಳುವೂ ಬರಲಿಲ್ಲ.

ಮನೆಯಲ್ಲಿ ಅಮ್ಮ ಸೊಪ್ಪು ಬಿಡಿಸುತ್ತಾ ಹೇಳಿದಳು, "ಸದ್ಯ, ನಿಮ್ಮಿಬ್ಬರ ವಿಷಯ ಮದುವೆವರೆಗೂ ಹೋಗೋಕೆ ಮುಂಚೆನೇ ಹೀಗಾಯ್ತು. ಇಲ್ಲಾಂದ್ರೆ ಜೀವಮಾನ ಪೂರ್ತಿ ಕುಂಟನ ಸೇವೆ ಮಾಡ್ಬೇಕಿತ್ತು."

"ಅಮ್ಮಾ! ಆ ಕಾಲು ಹೋಗಿದ್ದು ನಿನ್ನ ಮಗಳು ಉಳೀಲಿ ಅಂತ."

"ಹ್ಞೂಂ, ಉಳಿದಿದೀಯಲ್ಲ. ಊಟ ಮಾಡು."

ಅವನು ಬರದಿದ್ದರೂ ಭಾನುವಾರ ಕಲಿಯುವವರು ಬಂದು, ಕಾದು, ಹೋಗುತ್ತಿದ್ದರು. ನೀನೇ ಕಲಿಸು ಬಾ ಎಂದು ತಾತ ಅವಳನ್ನು ಕರೆದರು. ಸೈಕಲ್ ಮುಟ್ಟಿದರೆ ಅವಳ ಅಂಗೈ ಬೆವರುತ್ತಿತ್ತು. ಆದರೂ ಹೋದಳು, ಕಲಿಸಿದಳು. ಹೊಸಬರು ಬಂದಾಗಲೆಲ್ಲ ಮೊದಲು ಹೇಳುತ್ತಿದ್ದುದು ಒಂದೇ ಮಾತು: "ಲಾರಿ ಎಡಪಕ್ಕ ನುಗ್ಗಿದೋಳು ನಾನು. ಕಾಲು ಕಳ್ಕೊಂಡಿದ್ದು ನನ್ನ ಮೇಷ್ಟ್ರು."

ಒಬ್ಬ ಹೆಂಗಸು ಹೆಲ್ಮೆಟ್ ಬಿಚ್ಚಿ, "ಇಂಥೋಳ ಹತ್ರ ನಾವು ಕಲೀಬೇಕಾ?" ಎಂದು ಹೊರಟೇಹೋದಳು. ಇವಳು ಮುಂದಿನವರ ಬ್ರೇಕ್ ಪರೀಕ್ಷಿಸಿದಳು.

ತಿಂಗಳುಗಳು ಕಳೆದವು. ಒಂದು ಭಾನುವಾರ ಪಾರ್ಕಿಂಗ್ ಜಾಗದ ಅಂಚಿಗೆ ಟ್ಯಾಕ್ಸಿ ಬಂದು ನಿಂತಿತು. ಮೊದಲು ಇಳಿದದ್ದು ಊರುಗೋಲು, ಆಮೇಲೆ ಅವನು. ಅಕ್ಕ ಕಾರಿನೊಳಗೇ ಮುಖ ತಿರುಗಿಸಿ ಕೂತಳು.

ಅವಳು ಕೈಯಲ್ಲಿದ್ದ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದಳು. ಮತ್ತೆ ಬೈಯಲು ಬಂದನಾ? ಬೈಯಲಿ...

ಅವನು ಹೊಸ ಕಾಲನ್ನು ಎಳೆಯುತ್ತಾ ಹತ್ತಿರ ಬಂದ.

"ಕೆಲಸ ಬದಲಾಯ್ತು. ಈಗ ಆಫೀಸಲ್ಲಿ ಕೂತು ಫೋನ್ ಎತ್ತೋದು. ಲಿಫ್ಟು ಕೆಟ್ಟಿದೆ ಅಂತ ಜನ ನನ್ನನ್ನ ಬೈತಾರೆ."

ಅವಳು ನಗಲಿಲ್ಲ. ಅವನೂ ನಗಲಿಲ್ಲ.

"ನನಗೆ ಕೋಪ ಹೋಗಿಲ್ಲ. ಹೋಗುತ್ತೆ ಅಂತ ಮಾತೂ ಕೊಡಲ್ಲ," ಎಂದ. "ಬೆಳಿಗ್ಗೆ ಎದ್ದ ತಕ್ಷಣ ಕಾಲು ಹುಡುಕ್ತೀನಿ, ಇರಲ್ಲ. ಆಮೇಲೆ ನಿಮ್ಮನ್ನ ಹುಡುಕ್ತೀನಿ... ನೀವೂ ಇರಲ್ಲ. ಕಾಲಿಲ್ದೆ ಇರೋದು ಕಲ್ತೆ. ಇನ್ನೊಂದು ಕಲಿಯೋಕಾಗ್ತಿಲ್ಲ."

ಅವಳ ಕಣ್ಣು ತುಂಬಿ ಹರಿಯಿತು. "ಕೋಪ ಇರ್ಲಿ. ದಿನಾ ಎದುರಿಗೇ ತೋರ್ಸಿ. ಎಲ್ಲಿಗೂ ಹೋಗಲ್ಲ ನಾನು."

"ಕೆಟ್ಟದಾಗಿ ಬೈತೀನಿ."

"ಕೇಳಿಸ್ಕೋತೀನಿ."

"ಅಕ್ಕ ನಿಮ್ಮನ್ನ ಯಾವತ್ತೂ ಒಪ್ಪಲ್ಲ."

"ಒಪ್ಪೋದು ಬೇಡ... ನನಗೆ ಅವ್ರು ಅಕ್ಕನೇ."

ಅವನ ಊರುಗೋಲು ವಾಲಿತು. ಅವಳು ಮುಂದೆ ಬಂದು ಅವನ ತೋಳಿನ ಕೆಳಗೆ ತನ್ನ ಹೆಗಲು ಕೊಟ್ಟಳು. ಅವನ ಮೈಭಾರವೆಲ್ಲ ಅವಳ ಮೇಲೆ ಬಿತ್ತು.

"ಭಾರ ಆಗ್ತಿದೀನಾ?"

"ತುಂಬಾ ಆಗ್ತಿದೀಯ," ಅಂದಳು ಅವಳು, ಮೊದಲ ಬಾರಿ ಅವನನ್ನು ಏಕವಚನದಲ್ಲಿ ಕರೆದು. "ಹಾಗೇ ಇರು."