ಎಸ್ತೇರಮ್ಮನ ಬಟ್ಟಲು

ಹರಿಹರದ ನಮ್ಮ ಮೆಥೊಡಿಸ್ಟ್ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಪ್ರಭುಭೋಜನ: ಯೇಸುವಿನ ನೆನಪಿಗೆ ಎಲ್ಲರಿಗೂ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಪುಟ್ಟ ಬಟ್ಟಲುಗಳಿಗೆ ದ್ರಾಕ್ಷಾರಸ ತುಂಬಿ, ತಟ್ಟೆಗೆ ಬಿಳಿ ಬಟ್ಟೆ ಮುಚ್ಚುವುದು ನನ್ನ ಕೆಲಸ. ಹಾಸಿಗೆ ಹಿಡಿದವರ ಮನೆಗೆ ಭೋಜನ ಒಯ್ದು ಕೊಡುವವಳೂ ನಾನೇ.

ಜೂನ್‌ನಲ್ಲಿ ದಾವಣಗೆರೆಯ ಸರಸ್ವತಿ ನಗರಕ್ಕೆ, ಮಗನ ಮನೆಯಲ್ಲಿ ಮಲಗಿದ್ದ ನಮ್ಮ ಸಭೆಯ ಎಸ್ತೇರಮ್ಮನವರಿಗೆ ಒಯ್ಯಬೇಕಿತ್ತು. ಆ ಬಿಸಿಲಲ್ಲಿ ಬಸ್ಸು ಹತ್ತಲು ಮೈ ಬಗ್ಗಲಿಲ್ಲ. ರೊಟ್ಟಿಯ ಚೂರು, ರಸ ಎರಡನ್ನೂ ನಮ್ಮನೆ ಬಚ್ಚಲಿಗೆ ಸುರಿದೆ. ಪಾಸ್ಟರ್ ಕೇಳಿದಾಗ "ಕೊಟ್ಟೆ ಅಯ್ಯನೋರೆ" ಅಂದುಬಿಟ್ಟೆ.

ಅದೇ ವಾರದ ಶುಕ್ರವಾರ ಎಸ್ತೇರಮ್ಮ ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ಸೊಸೆ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು: "ಭೋಜನ ಬರೋತಂಕ ನೀರೂ ಬ್ಯಾಡ ಅಂದ್ರು ಅಕ್ಕಾ. ಬಾಗ್ಲ ಕಡೆನೇ ನೋಡ್ತಿದ್ರು. ಯಾಕ ಬರ್ಲಿಲ್ರಿ ನೀವು?"

ಜುಲೈನಲ್ಲಿ ತಟ್ಟೆಯ ಬಟ್ಟೆ ತೆಗೆದರೆ ಮೂಲೆಯ ಬಟ್ಟಲೊಂದು ಖಾಲಿ. ತುಂಬಿದವಳು ನಾನೇ. ಆಗಸ್ಟಿನಲ್ಲೂ ಅದೇ ಮೂಲೆಯದು ಖಾಲಿ. ಒಳಗೆ ಒಣಗಿತ್ತು, ಅಂಚಿಗೆ ನೀಲಗಿರಿ ಎಣ್ಣೆಯ ವಾಸನೆ. ಎಸ್ತೇರಮ್ಮ ಮಂಡಿನೋವಿಗೆ ಹಚ್ಚುತ್ತಿದ್ದದ್ದು ಅದೇ ಎಣ್ಣೆ.

ಈ ತಿಂಗಳು ಆ ಮೂಲೆಗೆ ಬಟ್ಟಲನ್ನೇ ಇಡಲಿಲ್ಲ. ಪಾಸ್ಟರ್ ಬಟ್ಟೆ ಎತ್ತಿದಾಗ ಅಲ್ಲೊಂದು ಬಟ್ಟಲಿತ್ತು, ಅಂಚಿನವರೆಗೆ ತುಂಬಿತ್ತು. ಎಲ್ಲರ ಜೊತೆ ಮೊಣಕಾಲೂರಿದ್ದ ನನ್ನ ಮುಂದೆ ಅದನ್ನೇ ಹಿಡಿದು, "ತಗೊಳ್ರಿ ಸುಗುಣಮ್ಮ" ಅಂದರು. ಇಡೀ ಸಭೆ ನೋಡುತ್ತಿತ್ತು. ಕುಡಿದೆ. ಬೆಚ್ಚಗಿತ್ತು. ಬಾಯಿ ತುಂಬ ನಮ್ಮನೆ ಬಚ್ಚಲಿನ ವಾಸನೆ.

ಆಮೇಲೆ ನನ್ನ ಗಂಟಲಲ್ಲಿ ಒಂದು ಗುಟುಕು ನೀರೂ ಇಳಿದಿಲ್ಲ. ಇವತ್ತು ಶುಕ್ರವಾರ.