ಶಟರಿನೊಳಗೆ ಸಿಕ್ಕ ಉಸಿರು

“ಕ್ಯಾಮೆರಾದೊಳಗಿನ ಆ ನೂಲನ್ನು ಮಾತ್ರ ಮುಟ್ಟಬೇಡ ಪುತಾ,” ಎಂದಳು ಕಾನ್ಸೆಪ್ಟಾ. “ಶಟರ್ ಬಡಿಯಬಾರದೆಂದು ನಮ್ಮವರು ಬಜಗೋಳಿಯ ಮಂತ್ರವಾದಿಯಿಂದ ಕಟ್ಟಿಸಿದ್ದು ಅದು.”

ಜೋನ್ ನಕ್ಕುಬಿಟ್ಟ. ಬೊಂಬಾಯಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಅವನು, ತುಂಬು ಗರ್ಭಿಣಿ ಹೆಂಡತಿ ಕ್ಲಾರಾಳನ್ನು ಕರೆದುಕೊಂಡು ಕಾಪುವಿನಲ್ಲಿದ್ದ ಚಿಕ್ಕಮ್ಮ ಕಾನ್ಸೆಪ್ಟಾಳ ಮನೆಗೆ ಬಂದಿದ್ದ. ೧೯೭೬ರ ಮಳೆಗಾಲ ಆಗಷ್ಟೇ ಮುಗಿದಿತ್ತು. ಚಿಕ್ಕಮ್ಮನ ಗಂಡ ಊರಿನ ಫೋಟೋಗ್ರಾಫರ್ ಆಗಿದ್ದವನು. ಅವನು ತೀರಿಕೊಂಡ ಮೇಲೆ ಆ ಹಳೆಯ ಮಡಚುವ ಕ್ಯಾಮೆರಾ ಜೋನನ ಪಾಲಿಗೆ ಬಂದಿತ್ತು. ಬೂಸ್ಟು ಹಿಡಿದ ಚರ್ಮದ ವಾಸನೆ, ಅಲುಗಾಡದ ಶಟರ್.

“ಎಂತ ಮಾವ್ಶಿ, ಶಟರ್ ಅಂಟಿದ್ದಕ್ಕೂ ಮಾಟವಾ?”

“ನಗಬೇಡ. ಹೂಡೆಯ ಅಕ್ಕುವಿನ ಮಗುವಿಗೆ ದಮ್ಮು ಇತ್ತು. ಫೋಟೋ ಅಲುಗಬಾರದೆಂದು ನಮ್ಮವರು ಉಸಿರು ಬಿಗಿಹಿಡಿ ಎಂದರು. ಬಿಗಿಹಿಡಿದ ಮಗು ಮತ್ತೆ ಉಸಿರು ಬಿಡಲಿಲ್ಲ. ಅಕ್ಕು ಈ ಪೆಟ್ಟಿಗೆಗೇ ಮಾಟ ಮಾಡಿಸಿದಳು. ನನ್ನ ವೆರೊನಿಕಾ ಹೋದದ್ದು ಇದರ ಮುಂದೆ ನಿಂತೇ.”

ಮಗಳನ್ನು ಕಳೆದುಕೊಂಡ ಹೆಂಗಸು, ತಲೆ ಕೆಟ್ಟಿದೆ ಎಂದುಕೊಂಡ ಜೋನ್. ಅಂಗಳದ ಬೆಳಕಿನಲ್ಲಿ ಕುಳಿತು ಲೆನ್ಸಿನ ಮುಂದಿನ ಬಳೆಯನ್ನು ತಿರುಗಿಸಿ ತೆಗೆದ. ಒಳಗಿನ ಹಲ್ಲುಚಕ್ರಕ್ಕೆ ಕಪ್ಪು ನೂಲು ಬಿಗಿಯಾಗಿ ಸುತ್ತಿಕೊಂಡಿತ್ತು. ಚಿಮಟದಿಂದ ಎಳೆದು ಎಸೆದ. ಪೆಟ್ರೋಲಿನಲ್ಲಿ ತೊಳೆದ. ಆಮೇಲೆ ಕೈಗೆ ಹತ್ತಿದ ಅಭ್ಯಾಸದಂತೆ, ಗಡಿಯಾರದ ಎಣ್ಣೆಯನ್ನು ಚಕ್ರಕ್ಕೂ ಶಟರಿನ ತೆಳು ಎಲೆಗಳಿಗೂ ಮುಟ್ಟಿಸಿದ.

ಶಟರಿನ ಕೀಲಿ ಒತ್ತಿದರೆ ಹಗುರವಾಗಿ ಇಳಿಯಿತು. ಅವನಿಗೆ ಮಕ್ಕಳಂತೆ ಖುಷಿಯಾಯಿತು.

“ಕ್ಲಾರಾ, ಬಾ, ನಿಲ್ಲು! ಉಸಿರು ಬಿಗಿಹಿಡಿ!”

ಕ್ಲಾರಾ ನಗುತ್ತ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಳು. ಕ್ಲಿಕ್.

ಅವಳು ಕೈ ತೆಗೆಯಲಿಲ್ಲ. ಬಾಯಿ ತೆರೆಯಿತು. ಎದೆ ಏರಲಿಲ್ಲ, ಇಳಿಯಲೂ ಇಲ್ಲ.

“ಸಾಕು ತಮಾಷೆ,” ಎಂದ ಜೋನ್.

ತುಟಿ ನೀಲಿಗಟ್ಟಿತು. ಅವಳು ಗೋಡೆಗೆ ಒರಗಿ ಜಾರಿದಳು. ಓಡಿದ ಜೋನನ ಬೆರಳು ತಾಗಿ ಕೀಲಿ ಒತ್ತಿಹೋಯಿತು, ಶಟರ್ ಮತ್ತೊಮ್ಮೆ ಬಡಿಯಿತು. ಆ ಕ್ಷಣಕ್ಕೆ ಕ್ಲಾರಾಳ ಎದೆಗೆ ಒಂದೇ ಒಂದು ಉಸಿರು ನುಗ್ಗಿತು. ಮತ್ತೆ ನಿಂತಿತು.

ಅವನು ಮತ್ತೆ ಒತ್ತಿದ. ಒಂದು ಉಸಿರು. ಮತ್ತೆ ಒತ್ತಿದ. ಇನ್ನೊಂದು. ಗಡಿಯಾರದ ಬುದ್ಧಿ ಇನ್ನು ಯಾವ ಕೆಲಸಕ್ಕೂ ಬರಲಿಲ್ಲ. ನಿಲ್ಲಿಸಿದರೆ ಅವಳು ಸಾಯುತ್ತಾಳೆ, ಹೊಟ್ಟೆಯಲ್ಲಿರುವುದೂ ಸಾಯುತ್ತದೆ. ಅಷ್ಟು ಮಾತ್ರ ಗೊತ್ತಾಯಿತು.

“ಮಾವ್ಶಿ! ಎಂತ ಮಾಡಲಿ? ಒಡೆದುಬಿಡಲಾ?”

“ಜೆಜು! ಒಡೆದರೆ ಒಳಗಿನ ಉಸಿರೂ ಹೋಯಿತು!” ಕಾನ್ಸೆಪ್ಟಾ ಅಳುತ್ತಿದ್ದಳು. “ವೆರೊನಿಕಾ ಒಳಗಿದ್ದಾಳೆಂದೇ ನಾವು ಒಡೆಯಲಿಲ್ಲ. ಅದು ಒಬ್ಬರನ್ನೇ ಹಿಡಿಯುವುದು. ನಿನ್ನವಳು ಒಳಗೆ ಹೋದಾಗ ನನ್ನವಳು ಹೊರಟುಹೋದಳು.”

“ಬೇರೆಯವರು ನಿಂತರೆ ಕ್ಲಾರಾಳನ್ನು ಬಿಡುತ್ತದಾ?”

ಕಾನ್ಸೆಪ್ಟಾ ತಲೆ ತಗ್ಗಿಸಿದಳು. “ಬಿಡುತ್ತದೆ. ಮಗಳಿಗಾಗಿ ನಿಲ್ಲಲು ನಮಗೆ ಧೈರ್ಯ ಬರಲಿಲ್ಲ ಪುತಾ.”

ಬೆರಳಿನಡಿ ಕೀಲಿ ಭಾರವಾಗುತ್ತಿತ್ತು. ಎಣ್ಣೆ ಹರಡಿತ್ತು. ಒಣಗಿರಬೇಕಾದ ಎಲೆಗಳು ಒಂದಕ್ಕೊಂದು ಅಂಟತೊಡಗಿದ್ದವು. ಅದು ತನ್ನದೇ ಕೈಯ ಕೆಲಸ ಎಂದು ಜೋನನಿಗೆ ಹೊಳೆಯಿತು. ಅವನಿಗೆ ವಿಪರೀತ ಹೆದರಿಕೆಯಾಯಿತು. ಬದುಕಬೇಕೆಂದು ಬಹಳ ಆಸೆಯಾಯಿತು.

ಅವನು ಕ್ಯಾಮೆರಾವನ್ನು ತನ್ನ ಕಡೆಗೆ ತಿರುಗಿಸಿದ. ಉಸಿರು ಬಿಗಿಹಿಡಿದ. ಒತ್ತಿದ.

ಕ್ಲಾರಾ ದೊಡ್ಡದಾಗಿ ಉಸಿರೆಳೆದು ಎದ್ದು ಕುಳಿತಳು. ಅವಳ ಪಕ್ಕದಲ್ಲೇ ಜೋನ್ ಮಂಡಿಯೂರಿ ಬಿದ್ದ, ಕ್ಯಾಮೆರಾವನ್ನು ಅವಳ ಮಡಿಲಿಗೆ ತಳ್ಳಿದ.

“ಒತ್ತು! ಒತ್ತುತ್ತಾ ಇರು!” ಕಾನ್ಸೆಪ್ಟಾ ಕಿರುಚಿದಳು.

ಕ್ಲಾರಾ ಒತ್ತಿದಳು. ಜೋನ್ ಉಸಿರಾಡಿದ. ಒತ್ತಿದಳು. ಉಸಿರಾಡಿದ. ಎಲೆಗಳು ನಿಧಾನವಾದವು. ಇನ್ನೂ ನಿಧಾನವಾದವು. ಅರ್ಧ ತೆರೆದು ನಿಂತವು. ಅವಳು ಕೀಲಿ ಎಳೆದಳು, ಬಡಿದಳು, ಉಗುರು ಹರಿದುಕೊಂಡಳು. ಪೆಟ್ರೋಲಿನ ನಾತ. ಹೊರಗೆ ಸಮುದ್ರದ ಸದ್ದು. ಜೋನನ ಮುಖ ಕಪ್ಪಾಯಿತು.

“ನಾನೇ ನಿಲ್ಲುತ್ತೇನೆ,” ಎಂದಳು ಕ್ಲಾರಾ. ಕ್ಯಾಮೆರಾವನ್ನು ತನ್ನ ಮುಖಕ್ಕೆ ಹಿಡಿದಳು. ಉಸಿರೆಳೆದು ಬಿಗಿಹಿಡಿದಳು. ಕೀಲಿಯ ಮೇಲೆ ರಕ್ತದ ಬೆರಳು. ಎಲೆಗಳು ಮೆಲ್ಲಗೆ ಮಿಸುಕಿದವು.

ಜೋನ್ ಕಾನ್ಸೆಪ್ಟಾಳ ಕಡೆ ನೋಡಿದ. ಮಾತಾಡಲು ಅವನಿಗೆ ಉಸಿರಿರಲಿಲ್ಲ. ಕ್ಲಾರಾಳ ಹೊಟ್ಟೆಯತ್ತ ಕೈ ತೋರಿಸಿದ. ಅವಳು ನಿಲ್ಲಬಾರದೆಂದು ತಲೆ ಅಲ್ಲಾಡಿಸಿದ.

ಮುದುಕಿ ಕ್ಯಾಮೆರಾವನ್ನು ಕಿತ್ತುಕೊಂಡಳು. ಬಾವಿಯ ಬಳಿಗೆ ಓಡಿದಳು. ಒಗೆಯುವ ಕಲ್ಲಿಗೆ ಎತ್ತಿ ಅಪ್ಪಳಿಸಿದಳು. ಗಾಜು ಚೂರಾಯಿತು.

ಜೋನನ ಕೈ ಮಣ್ಣಿಗೆ ಬಿತ್ತು.

ಕ್ಲಾರಾ ಇನ್ನೂ ಉಸಿರು ಬಿಗಿಹಿಡಿದೇ ಇದ್ದಳು. ಬಿಡಲೊಲ್ಲಳು. ಕಾನ್ಸೆಪ್ಟಾ ಅವಳ ಎರಡೂ ಕೆನ್ನೆ ಹಿಡಿದು ಅಲುಗಿಸಿದಳು.

“ನನ್ನನ್ನು ಬಯ್ಯಿ, ಹೊಡಿ, ಎಂತ ಬೇಕಾದರೂ ಮಾಡು. ಆದರೆ ಉಸಿರಾಡು ಮಗಾ. ಉಸಿರಾಡು.”